ಬೇರ್ಪಡಿಸಿಟ್ಟ ಕಸದಲ್ಲೇ ಬೆಳೆದ ಸೊಳ್ಳೆ: ಮೈಸೂರಿನ ಒಂದು ವಠಾರದ ಪ್ರಕರಣ

ಎಂಟು ಮನೆಗಳ ವಠಾರ. ನಡುವೆ ಉದ್ದನೆಯ ಓಣಿ, ಎರಡೂ ಬದಿಗೆ ನಾಲ್ಕು ನಾಲ್ಕು ಮನೆ, ಮಂಗಳೂರು ಹೆಂಚಿನ ಸೂರು. ಹಿಂದೆ ಎಲ್ಲರಿಗೂ ಸೇರಿದ ಹಿತ್ತಲು. ಅಲ್ಲಿ ಒಗೆಯುವ ಕಲ್ಲು, ಬಳಕೆ ತಪ್ಪಿದ ಬಾವಿ, ಒಂದು ಹಲಸಿನ ಮರ. ಇದು ಮೈಸೂರಿನ ಯಾವುದೋ ಒಂದು ವಿಳಾಸವಲ್ಲ. ಹಳೆಯ ಬಡಾವಣೆಗಳ ವಠಾರಗಳಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ಒಂದೇ ಅಂಗಳಕ್ಕೆ ತಂದು ಕಟ್ಟಿದ ಪ್ರಕರಣ. ಮನೆ, ಪಾತ್ರೆ, ವಾರಗಳ ಲೆಕ್ಕವೆಲ್ಲ ಹಾಗೆ ಕಟ್ಟಿದ್ದು. ಸೊಳ್ಳೆಯ ಲೆಕ್ಕ ಮಾತ್ರ ಎಲ್ಲ ವಠಾರಕ್ಕೂ ಒಂದೇ.

ಈ ವಠಾರವನ್ನು ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿಯವರು ಕಸದ ವಿಷಯದಲ್ಲಿ ಶಿಸ್ತಿನವರು. 2015ರ 476 ನಗರಗಳ ಸ್ವಚ್ಛತಾ ಪಟ್ಟಿಯಲ್ಲೂ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲೂ ಮೈಸೂರು ಮೊದಲ ಸ್ಥಾನ ಪಡೆದ ಕಾಲದಿಂದ ಹಸಿ ಕಸ, ಒಣ ಕಸ ಬೇರೆ ಮಾಡುವುದು ಇವರಿಗೆ ಅಭ್ಯಾಸ. ಹಾಲಿನ ಪ್ಯಾಕೆಟ್ ತೊಳೆದಿಡುತ್ತಾರೆ, ಬಾಟಲಿ ಬೇರೆ, ಡಬ್ಬ ಬೇರೆ. ಕಸದ ಆಟೋದವರು ಮೆಚ್ಚುವ ವಠಾರ. ಆದರೂ ಸೆಪ್ಟೆಂಬರ್ ಮೊದಲ ವಾರದಲ್ಲಿ ಇಲ್ಲಿ ಎರಡು ಡೆಂಗಿ ಪ್ರಕರಣ.

ಮೊದಲು ಮಲಗಿದ್ದು ಆರನೇ ಮನೆಗೆ ಬಂದ ನೆಂಟರ ಹುಡುಗ, ಆಗಸ್ಟ್ ಮೂರನೇ ವಾರದಲ್ಲಿ. ಊರಿಂದ ಬರುವಾಗಲೇ ಮೈ ಬಿಸಿಯಿತ್ತು. ನಾಲ್ಕು ದಿನ ಹಗಲೆಲ್ಲ ಓಣಿಯ ಜಗಲಿಯ ಮೇಲೆ ಮಲಗಿದ್ದು ಜ್ವರ ಬಿಟ್ಟ ಮೇಲೆ ಹೊರಟುಹೋದ. ಯಾರೂ ರಕ್ತ ಪರೀಕ್ಷೆಯ ಮಾತೆತ್ತಲಿಲ್ಲ. ಅವನ ಜ್ವರ ಶುರುವಾದ ಹದಿನಾರನೇ ದಿನ ಐದನೇ ಮನೆಯ ಒಂಬತ್ತು ವರ್ಷದ ಹುಡುಗ ಮಲಗಿದ, ಹದಿನೆಂಟನೇ ದಿನ ಎರಡನೇ ಮನೆಯ ಗೃಹಿಣಿ. ಇಬ್ಬರಿಗೂ ಡೆಂಗಿ ವೈರಸ್ಸನ್ನು ಗುರುತಿಸುವ, ಎಲೈಜಾ ಎಂಬ ಪ್ರಯೋಗಾಲಯ ವಿಧಾನದ ಎನ್‌ಎಸ್1 ಪರೀಕ್ಷೆಯಲ್ಲಿ ಪಾಸಿಟಿವ್.

ಈ ಹದಿನಾರು, ಹದಿನೆಂಟು ದಿನಗಳ ಅಂತರವೇ ಪ್ರಕರಣದ ಮೊದಲ ಸುಳಿವು. ರೋಗಿಯ ರಕ್ತ ಕುಡಿದ ಸೊಳ್ಳೆ ಆ ಕ್ಷಣಕ್ಕೆ ಅಪಾಯಕಾರಿಯಲ್ಲ. ವೈರಸ್ಸು ಅದರ ಹೊಟ್ಟೆಯಿಂದ ಜೊಲ್ಲುಗ್ರಂಥಿ ಸೇರಲು ಎಂಟರಿಂದ ಹನ್ನೆರಡು ದಿನ ಬೇಕು. ಆಮೇಲೆ ಅದು ಇನ್ನೊಬ್ಬರನ್ನು ಕಚ್ಚಿದರೆ ಜ್ವರ ಬರಲು ನಾಲ್ಕರಿಂದ ಹತ್ತು ದಿನ. ಎರಡನ್ನೂ ಕೂಡಿದರೆ ಹನ್ನೆರಡರಿಂದ ಇಪ್ಪತ್ತೆರಡು ದಿನ. ನೆಂಟ ಮಲಗಿದ್ದಕ್ಕೂ ಈ ಇಬ್ಬರು ಮಲಗಿದ್ದಕ್ಕೂ ಇರುವ ಅಂತರ ಆ ಲೆಕ್ಕದೊಳಗೇ ಬೀಳುತ್ತದೆ. ಇವರಿಬ್ಬರೂ ಆ ತಿಂಗಳು ಊರು ಬಿಟ್ಟು ಹೋದವರಲ್ಲ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ದೂರ ಹಾರುವ ಸೊಳ್ಳೆಯೂ ಅಲ್ಲ, ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರಿನೊಳಗೇ ಬಹುಪಾಲು ಸುತ್ತಾಡುತ್ತದೆ. ರೋಗ ತಂದವನು ಹೊರಗಿನವನು, ಹರಡಿದ ಸೊಳ್ಳೆ ಇಲ್ಲಿಯದೇ.

ಹುಡುಕಾಟ

ಪರಿಶೀಲನೆಗೆ ಬಂದ ಆಶಾ ಕಾರ್ಯಕರ್ತೆಯ ಕೈಯಲ್ಲಿದ್ದದ್ದು ಒಂದು ಟಾರ್ಚು, ಒಂದು ಸೌಟು, ಒಂದು ಬಿಳಿ ತಟ್ಟೆ. ಇಷ್ಟಿದ್ದರೆ ಯಾರು ಬೇಕಾದರೂ ಹುಡುಕಬಹುದು, ಆದರೆ ಆತುರ ಮಾಡಬಾರದು. ನೀರಿನ ಮೇಲೆ ನೆರಳು ಬಿದ್ದ ತಕ್ಷಣ ಸೊಳ್ಳೆಯ ಮರಿಗಳು, ಅಂದರೆ ಲಾರ್ವಾಗಳು, ತಳಕ್ಕೆ ಇಳಿದುಬಿಡುತ್ತವೆ. ಬಗ್ಗಿ ನೋಡಿ “ಏನೂ ಇಲ್ಲ” ಎನ್ನುವ ಮನೆಗಳಲ್ಲಿ ಹಲವು ಮೋಸ ಹೋಗುವುದು ಇಲ್ಲೇ. ಒಂದು ನಿಮಿಷ ಅಲುಗಾಡದೆ ನಿಂತರೆ ಉಸಿರಿಗಾಗಿ ಮೇಲೆ ಬರುತ್ತವೆ. ಆಗ ಸೌಟಿನಲ್ಲಿ ಮೊಗೆದು ಬಿಳಿ ತಟ್ಟೆಗೆ ಸುರಿಯಬೇಕು. ತಲೆ ಕೆಳಗೆ ಮಾಡಿ, ಬಾಲದ ಉಸಿರುನಳಿಕೆ ಮೇಲ್ಮೈಗೆ ತಾಗಿಸಿ ಓರೆಯಾಗಿ ಜೋತಾಡುವುದು ಈಡಿಸ್ ಅಥವಾ ಕೊಳೆನೀರಿನ ಸೊಳ್ಳೆ ಕ್ಯೂಲೆಕ್ಸ್. ಈಡಿಸ್‌ನ ನಳಿಕೆ ಗಿಡ್ಡ, ದಪ್ಪ. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದಂತೆ ತೇಲುವುದು ಮಲೇರಿಯಾದ ಅನಾಫಿಲಿಸ್. ಅಲ್ಪವಿರಾಮ ಚಿಹ್ನೆಯಂತೆ ಮುದುರಿಕೊಂಡು ಪಲ್ಟಿ ಹೊಡೆಯುವುದು ಲಾರ್ವಾದ ಮುಂದಿನ ಹಂತವಾದ ಪ್ಯೂಪಾ. ಅದು ಕಂಡರೆ ಇನ್ನೆರಡು ದಿನದಲ್ಲಿ ಸೊಳ್ಳೆ ಹಾರುತ್ತದೆ ಎಂದರ್ಥ.

ವಠಾರದಲ್ಲಿ ನೀರು ನಿಂತಿದ್ದ ಪಾತ್ರೆ, ಗುಣಿ, ಡಬ್ಬ ಎಲ್ಲ ಸೇರಿ 46. ಲಾರ್ವಾ ಸಿಕ್ಕಿದ್ದು ಒಂಬತ್ತರಲ್ಲಿ. ಮನೆಗಳೊಳಗೆ ನಾಲ್ಕು: ಐದನೇ ಮನೆಯ ನೀಲಿ ಡ್ರಮ್ಮು, ನಾಲ್ಕನೇ ಮನೆಯ ಫ್ರಿಜ್ಜಿನ ಹಿಂದಿನ ತಟ್ಟೆ, ಏಳನೇ ಮನೆಯ ಮನಿಪ್ಲಾಂಟ್ ಬಾಟಲಿ, ಎರಡನೇ ಮನೆಯಲ್ಲಿ ಇರುವೆ ಹತ್ತದಿರಲೆಂದು ಅಡುಗೆಮನೆ ಬೀರುವಿನ ಕಾಲಿನ ಕೆಳಗಿಟ್ಟ ನೀರಿನ ಬಟ್ಟಲು. ಹಿತ್ತಲಿನಲ್ಲಿ ಐದು: ಒಣ ಕಸದ ಚೀಲದ ಬಾಯಲ್ಲಿದ್ದ ಎರಡು ಮೊಸರಿನ ಡಬ್ಬಿ, ಒಂದು ಪೇಂಟ್ ಬಕೆಟ್, ಒಂದು ಸ್ಕೂಟರ್ ಟೈರು, ಹಳೆಯ ಒರಳುಕಲ್ಲು.

ನಮೂನೆಯಲ್ಲಿ ತುಂಬಿದರೆ ನೂರರಲ್ಲಿ ಎಷ್ಟು ಮನೆಯಲ್ಲಿ ಲಾರ್ವಾ ಎಂಬ ಮನೆ ಸೂಚ್ಯಂಕ 50, ನೂರರಲ್ಲಿ ಎಷ್ಟು ಪಾತ್ರೆಯಲ್ಲಿ ಎಂಬ ಪಾತ್ರೆ ಸೂಚ್ಯಂಕ 19.6, ನೂರು ಮನೆಗೆ ಲಾರ್ವಾ ಇರುವ ಪಾತ್ರೆ ಇಷ್ಟು ಎಂದು ಹೇಳುವ ಬ್ರಟೋ ಸೂಚ್ಯಂಕ 112.5. ಎಂಟು ಮನೆಗೆ ಈ ಶೇಕಡಾವಾರು ಲೆಕ್ಕಕ್ಕೆ ಹೆಚ್ಚು ತೂಕ ಕೊಡಬೇಕಿಲ್ಲ. ಒಂದು ಮನೆ ಅತ್ತಿತ್ತ ಆದರೆ ಅಂಕಿ ಹನ್ನೆರಡು ಜಿಗಿಯುತ್ತದೆ. ಗಮನಿಸಬೇಕಾದ್ದು ಬೇರೆ. ಮನೆ ಸೂಚ್ಯಂಕ ಎಣಿಸುವುದು ಮನೆಗಳನ್ನು. ಹಿತ್ತಲು ಯಾರ ಮನೆಯೂ ಅಲ್ಲ. ಒಂಬತ್ತರಲ್ಲಿ ಐದು ತಾಣ ಇದ್ದದ್ದು ಯಾರ ಲೆಕ್ಕಕ್ಕೂ ಬಾರದ ಆ ಜಾಗದಲ್ಲೇ. ಪ್ಯೂಪಾಗಳನ್ನು ಎಣಿಸಿದಾಗ ಡ್ರಮ್ಮಿನಲ್ಲಿ 31, ಟೈರಿನಲ್ಲಿ 14, ಉಳಿದ ಏಳರಲ್ಲಿ ಒಟ್ಟು 6. ಮೊದಲು ಕೈ ಹಾಕಬೇಕಾದ್ದು ಎಲ್ಲಿಗೆ ಎಂದು ಹೇಳಿದ್ದು ಈ ಎಣಿಕೆ, ಸೂಚ್ಯಂಕವಲ್ಲ.

ಗುಜರಿಯವನ ತಿಂಗಳು, ಸೊಳ್ಳೆಯ ವಾರ

ಶಿಸ್ತಿನ ವಠಾರ ಎಡವಿದ್ದೆಲ್ಲಿ? ಹಸಿ ಕಸ ದಿನವೂ ಹೋಗುತ್ತದೆ, ಅದರಲ್ಲಿ ತೊಂದರೆಯಿಲ್ಲ. ಒಣ ಕಸದಲ್ಲಿ ಕಾಸು ಹುಟ್ಟುವ ಡಬ್ಬ, ಬಾಟಲಿ, ತಗಡನ್ನು ಇವರು ಗಾಡಿಗೆ ಕೊಡದೆ ಗುಜರಿಯವನಿಗೆಂದು ಎತ್ತಿಡುತ್ತಿದ್ದರು. ಗುಜರಿಯವನು ಬರುತ್ತಿದ್ದದ್ದು ತಿಂಗಳಿಗೊಮ್ಮೆ. “ಎರಡು ಕೇಜಿ ಡಬ್ಬಕ್ಕೆ ಗಾಡಿ ತಳ್ಕೊಂಡು ಬರೋಕಾಗತ್ತಾ ಅಮ್ಮಾ? ತುಂಬಿದ್ಮೇಲೆ ಫೋನ್ ಮಾಡಿ” ಎಂಬುದು ಅವನ ಮಾತು, ಅವನ ದೃಷ್ಟಿಯಿಂದ ನ್ಯಾಯವೇ. ಹಾಗಾಗಿ ಎಂಟು ಮನೆಯ ಎಂಟು ಚೀಲ, ಬಾಯಿ ತೆರೆದುಕೊಂಡು, ಹಿತ್ತಲ ಗೋಡೆಗೆ ಒರಗಿ ಮೂವತ್ತು ದಿನ ಕೂರುತ್ತಿದ್ದವು.

ಬೆಚ್ಚಗಿನ ದಿನಗಳಲ್ಲಿ ಈಡಿಸ್ ಮೊಟ್ಟೆಯೊಡೆದು ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಮೈಸೂರಿಗೆ ಮಳೆ ಜೋರಾಗುವುದು ವರ್ಷದಲ್ಲಿ ಎರಡು ಸಲ: ಮೇ ತಿಂಗಳ ಗುಡುಗು ಮಳೆ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನದು. ಒಂದು ಹದ ಮಳೆ ಬಿದ್ದು ಮೊಸರಿನ ಡಬ್ಬಿಯಲ್ಲಿ ಎರಡು ಬೆರಳು ನೀರು ನಿಂತರೆ, ಗುಜರಿಯವನು ಬರುವಷ್ಟರಲ್ಲಿ ಒಂದೆರಡು ಪೀಳಿಗೆ ಹಾರಿಹೋಗಿರುತ್ತದೆ. ಈ ಸೊಳ್ಳೆಗೆ ಚರಂಡಿಯ ಕೊಳೆನೀರು ಬೇಡ. ತೊಳೆದಿಟ್ಟ ಡಬ್ಬಿಯ ತಿಳಿ ಮಳೆನೀರು, ಅದರಲ್ಲಿ ಒಂದೆರಡು ಕೊಳೆತ ಎಲೆ ಇದ್ದರೆ ಅದಕ್ಕದು ಹಬ್ಬ. ತೊಳೆದಿಡುವ ಅಭ್ಯಾಸ ತಪ್ಪಲ್ಲ, ಬಿಡಬಾರದು. ತೊಳೆದದ್ದನ್ನು ಬಾಯಿ ಮೇಲೆ ಮಾಡಿ ಬಯಲಲ್ಲಿಟ್ಟದ್ದು ತಪ್ಪು.

ಬದಲಾಯಿಸಿದ್ದು ಮೂರು. ಮೊದಲನೆಯದು ಸೂರು. ಬಚ್ಚಲಿನ ಪಕ್ಕದ ತಗಡಿನ ಮಾಡಿನ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು, ಅದರ ಮೇಲೆ ಎಂಟು ಮನೆಗೂ ಸೇರಿ ಮೂರೇ ಚೀಲ: ಪ್ಲಾಸ್ಟಿಕ್, ತಗಡು, ಕಾಗದ. ಗಾಜಿನ ಬಾಟಲಿಗೆ ಹಳೆಯ ಕ್ರೇಟು. ಎರಡನೆಯದು ದಿನ. ಎಂಟು ಮನೆಯದೂ ಒಟ್ಟುಗೂಡಿದಾಗ ಹತ್ತು ಹನ್ನೆರಡು ದಿನದಲ್ಲೇ ಗುಜರಿಯವನಿಗೆ ಗಿಟ್ಟುವಷ್ಟು ತೂಕವಾಯಿತು. ಹದಿನೈದು ದಿನಕ್ಕೊಮ್ಮೆ ಬರಲು ಒಪ್ಪಿದ. ವಾರಕ್ಕೊಮ್ಮೆ ಬರುವುದಿಲ್ಲ. ಆದ್ದರಿಂದ ಮೂರನೆಯದು, ಅಂದರೆ ವಸ್ತು ಕೂರುವ ಭಂಗಿ, ಎಲ್ಲಕ್ಕಿಂತ ಮುಖ್ಯವಾಯಿತು. ನೀರು ಹಿಡಿಯಲಾರದ ಹಾಗೆ ಇಟ್ಟ ವಸ್ತು ಎಷ್ಟು ದಿನ ಕೂತರೂ ಚಿಂತೆಯಿಲ್ಲ.

ಇಲ್ಲಿ ಸಣ್ಣ ಸಂಗತಿಗಳೇ ಕೆಲಸ ಮಾಡುವುದು. ನೀರಿನ ಬಾಟಲಿಯ ಮುಚ್ಚಳ ತೆಗೆದು, ಹಿಸುಕಿ, ಚಪ್ಪಟೆಯಾಗಿರುವಾಗಲೇ ಮುಚ್ಚಳ ಬಿಗಿಯಬೇಕು. ಮುಚ್ಚಳ ಹಾಕದಿದ್ದರೆ ಗಾಳಿ ಎಳೆದುಕೊಂಡು ಮತ್ತೆ ಉಬ್ಬಿ ನೀರು ಹಿಡಿಯುತ್ತದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬಾರದು. ಆ ಚೂರು ಯಾವ ಗುಜರಿಗೂ ಸೇರದೆ ಚರಂಡಿ ಸೇರುತ್ತದೆ. ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಸೀಳಿ, ಹಾಲು ಸುರಿದ ಮೇಲೆ ಒಂದು ಬದಿ ಉದ್ದಕ್ಕೆ ಬಿಡಿಸಿ, ತೊಳೆದು ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿದರೆ ಹಾಳೆಯಂತೆ ಒಣಗುತ್ತದೆ. ಮೊಸರಿನ ಡಬ್ಬಿ, ಹೋಟೆಲಿನ ಪಾರ್ಸಲ್ ಡಬ್ಬಿ ಒಂದರ ಮೇಲೊಂದು ಕವುಚಿ, ಮುಚ್ಚಳ ಬೇರೆ. ತಗಡಿನ ಡಬ್ಬದ ತಳಕ್ಕೆ ಮೊಳೆಯಿಂದ ಮೂರು ತೂತು. ಕರಟ ಅರ್ಧ ಹೋಳಾಗಿದ್ದರೆ ಬಟ್ಟಲು, ನಾಲ್ಕು ಚೂರಾದರೆ ಸೌದೆ. ಹಂಡೆ ಒಲೆ ಇನ್ನೂ ಉಳಿದಿರುವ ಎರಡು ಮನೆಗೆ ಉಳಿದವರ ಕರಟವೂ ಹೋಗುತ್ತದೆ. ಎಳನೀರಿನ ಬುರುಡೆಯನ್ನೂ ಸೀಳದೆ ಬಿಸಾಡುವಂತಿಲ್ಲ. ಚೀಲದ ತಳಕ್ಕೆ ಕಾಸಿದ ಮೊಳೆಯಿಂದ ನಾಲ್ಕೈದು ತೂತು ಕೊರೆದದ್ದು ಎರಚಲು ಮಳೆಯ ನೀರಿಗಾಗಿ. ಬ್ಯಾಟರಿ, ಟ್ಯೂಬ್‌ಲೈಟು, ಹಳೆ ಔಷಧಿ ಈ ಚೀಲಗಳಿಗೆ ಸೇರುವುದಿಲ್ಲ, ಅಪಾಯಕಾರಿ ಕಸವೆಂದು ಬೇರೆಯೇ ಕೊಡಬೇಕು.

ಟೈರಿನದು ಬೇರೆ ರಗಳೆ. ಕವುಚಿದರೂ ಎತ್ತಿದರೂ ಒಳಸುತ್ತಿನಲ್ಲಿ ಒಂದು ಲೋಟ ನೀರು ಉಳಿದೇ ಉಳಿಯುತ್ತದೆ. ಜೋಕಾಲಿ ಕಟ್ಟಲೆಂದು ಇಟ್ಟುಕೊಂಡವರು ಕೊಡಲೊಪ್ಪಲಿಲ್ಲ. ಕೊನೆಗೆ ಕೆಳಬರುವ ಭಾಗಕ್ಕೆ ಬೆರಳು ತೂರುವಷ್ಟು ದೊಡ್ಡ ನಾಲ್ಕು ತೂತು ಕೊರೆದು ಜೋಕಾಲಿಯನ್ನೇ ಕಟ್ಟಲಾಯಿತು. ಪಂಕ್ಚರ್ ಅಂಗಡಿಗೆ ಕೊಟ್ಟುಬಿಟ್ಟರೆ ಆಯಿತೆಂದು ಕೆಲವರು ಹೇಳುತ್ತಾರೆ. ಆ ಅಂಗಡಿಯ ಮುಂದೆ ಬಯಲಲ್ಲೇ ಪೇರಿಸಿಟ್ಟಿರುವ ಟೈರುಗಳನ್ನು ಅವರು ನೋಡಿಲ್ಲ.

ಡ್ರಮ್ಮಿನ ಗೋಡೆ

ಐದನೇ ಮನೆಯ ಡ್ರಮ್ಮು ಇನ್ನೂರು ಲೀಟರಿನದು. ದಿನ ಬಿಟ್ಟು ದಿನ ನೀರು ಬಿಡುವ ಕಡೆ ಅದು ಮನೆಯ ಜೀವ. ಖಾಲಿ ಮಾಡಿದ ಮೇಲೆ ನಲ್ಲಿ ಬಾರದಿದ್ದರೆ ಎಂಬ ಭಯಕ್ಕೆ ಅದನ್ನು ಯಾರೂ ತಳ ಕಾಣಿಸುವುದಿಲ್ಲ. ಅರ್ಧ ಬಳಸುವುದು, ಮತ್ತೆ ತುಂಬುವುದು. ಈಡಿಸ್‌ಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಅದು ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿನ ಗೆರೆಗಿಂತ ತುಸು ಮೇಲೆ, ತೇವದ ಗೋಡೆಗೆ, ಒಂದೊಂದಾಗಿ ಅಂಟಿಸಿ. ನೀರು ಇಳಿದಾಗ ಇಟ್ಟ ಮೊಟ್ಟೆ ನೀರು ಏರಿದಾಗ ಮುಳುಗಿ ಒಡೆಯುತ್ತದೆ.

ವಾರಕ್ಕೊಮ್ಮೆ ನೀರಿನ ಪಾತ್ರೆ ನೋಡಲು ವಠಾರ ಗೊತ್ತುಮಾಡಿಕೊಂಡ ದಿನ ಶುಕ್ರವಾರ. ಮೊದಲ ಶುಕ್ರವಾರ ಆ ಮನೆಯವರು ಹೊಟ್ಟೆ ಉರಿದುಕೊಂಡೇ ಇನ್ನೂರು ಲೀಟರು ಚೆಲ್ಲಿ ಮತ್ತೆ ತುಂಬಿದರು. ಮೂರನೇ ದಿನಕ್ಕೆ ಕೂದಲೆಳೆಯಷ್ಟು ಸಣ್ಣ ಮರಿಗಳು ಮತ್ತೆ ಹಾಜರು. ನಲ್ಲಿ ನೀರಿನಲ್ಲೇ ಹುಳ ಬರುತ್ತಿದೆ ಎಂಬ ಮಾತು ವಠಾರದಲ್ಲಿ ಹಬ್ಬಿತು. ಈ ಅನುಮಾನವನ್ನು ವಾದದಿಂದ ತೀರಿಸಲಾಗದು, ಪರೀಕ್ಷೆ ಸುಲಭ: ಬಿಸಿನೀರಲ್ಲಿ ತೊಳೆದ ಗಾಜಿನ ಜಾಡಿಗೆ ನೇರ ನಲ್ಲಿಯ ನೀರು ಹಿಡಿದು, ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ, ಡ್ರಮ್ಮಿನ ಪಕ್ಕದಲ್ಲೇ ಐದು ದಿನ ಇಡುವುದು. ಜಾಡಿಯಲ್ಲಿ ಏನೂ ಹುಟ್ಟಲಿಲ್ಲ. ಮರಿ ಬಂದದ್ದು ನೀರಿನಿಂದಲ್ಲ, ಗೋಡೆಯಿಂದ.

ಆ ಗೋಡೆಯನ್ನು ಟಾರ್ಚು ಓರೆ ಹಿಡಿದು ನೋಡಿದರೆ ನೀರಿನ ಗೆರೆಯ ಮೇಲೆ ಗಸಗಸೆಗಿಂತ ಸಣ್ಣ, ಕಪ್ಪು ಚುಕ್ಕಿಗಳ ಪಟ್ಟಿ. ಡ್ರಮ್ಮಿನ ಹೊಟ್ಟೆಗೆ ಎರಡು ಉಬ್ಬು ಬಳೆಗಳಿರುತ್ತವಲ್ಲ, ಒಳಗಿನಿಂದ ಅವು ಗಾಡಿ ಜಾಡಿನ ಹಳ್ಳದಂತೆ. ಚುಕ್ಕಿಗಳು ಅಲ್ಲೇ ಒತ್ತೊತ್ತಾಗಿ. ನೆಲ ತೊಳೆಯುವ ಬ್ರಷ್ಷು ಆ ಹಳ್ಳಕ್ಕೆ ಇಳಿಯುವುದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷೇ ಬೇಕು. ಬಿಸಿಲಿಗೆ ಒಣಗಿಸಿದರೆ ಸಾಯುತ್ತವೆ ಎಂಬ ನಂಬಿಕೆಯೂ ಸುಳ್ಳು: ಒಣಗಿದ ಈಡಿಸ್ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದ ಬಕೆಟ್ಟು ಮೇ ತಿಂಗಳ ಮೊದಲ ಮಳೆಗೇ ಮರಿ ತುಂಬಿಕೊಳ್ಳುವುದು ಹೀಗೆ.

ಎರಡನೇ ಸಲ ಮಾಡಿದ್ದು ಇಷ್ಟು. ನೀರು ಬಿಡುವ ದಿನ ಬೆಳಿಗ್ಗೆ, ನಲ್ಲಿ ಬರುವ ಒಂದು ಗಂಟೆ ಮುಂಚೆ, ಉಳಿದ ನೀರನ್ನು ಬಟ್ಟೆ ಒಗೆಯಲು, ಓಣಿ ತೊಳೆಯಲು ಬಳಸಿ ಡ್ರಮ್ಮು ಖಾಲಿ. ನಾಲ್ಕು ಚಮಚ ಬ್ಲೀಚಿಂಗ್ ಪೌಡರು, ಒಂದು ಚಮಚ ಸೋಪಿನ ಪುಡಿ, ದೋಸೆ ಹಿಟ್ಟಿನ ಹದಕ್ಕೆ ನೀರು. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಗಾಳಿಯಾಡುವ ಕಡೆ, ಗೋಡೆಗೆಲ್ಲ ಬಳಿದು ಹದಿನೈದು ನಿಮಿಷ ಬಿಟ್ಟು ತೆಂಗಿನ ನಾರಿನಿಂದ ಉಜ್ಜುವುದು. ಎರಡು ಸಲ ತೊಳೆದ ನೀರನ್ನು ಒಣ ಮಣ್ಣಿಗೆ ಚೆಲ್ಲುವುದು. ಈ ಮಿಶ್ರಣಕ್ಕೆ ಕಕ್ಕಸು ತೊಳೆಯುವ ಆಸಿಡ್ ಮಾತ್ರ ಯಾವ ಕಾರಣಕ್ಕೂ ಸೇರಬಾರದು. ಏಳುವ ಕ್ಲೋರಿನ್ ಹೊಗೆ ಸೊಳ್ಳೆಗಿಂತ ಮೊದಲು ಮನುಷ್ಯನ ಉಸಿರು ಕಟ್ಟಿಸುತ್ತದೆ. ಬ್ಲೀಚಿಂಗ್ ಬಳಿಯುವುದು ಈ ಮೊದಲ ಸಲಕ್ಕೆ ಮಾತ್ರ. ಆಮೇಲೆ ವಾರಕ್ಕೊಮ್ಮೆ ನೀರಿನ ಗೆರೆಯ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ ಬರೀ ನಾರು ಹಾಕಿ ಉಜ್ಜಿದರೆ ಸಾಕು.

ಡ್ರಮ್ಮಿನ ಬಾಯಿಗೆ ಹಳೆ ಪಂಚೆಯ ಎರಡು ಮಡಿಕೆ, ಸೈಕಲ್ ಟ್ಯೂಬ್ ಕತ್ತರಿಸಿದ ರಬ್ಬರು. ಬಟ್ಟೆ ತಂಬಟೆಯಂತೆ ಬಿಗಿಯಾಗಿರಬೇಕು. ಜೋತುಬಿದ್ದು ನೀರಿಗೆ ತಾಗಿದರೆ ಒದ್ದೆಯಾದ ಬಟ್ಟೆಯ ಮೇಲೇ ಸೊಳ್ಳೆ ಮೊಟ್ಟೆಯಿಡುತ್ತದೆ. ಮೂರನೇ ವಾರ ಹಾಗೆಯೇ ಆಯಿತು. ಖಾಲಿ ಮಾಡಲಾಗದ ನೆಲದಡಿಯ ನೀರಿನ ತೊಟ್ಟಿಗೆ (ಸಂಪು) ಆರೋಗ್ಯ ಇಲಾಖೆಯವರು ಲಾರ್ವಾ ಕೊಲ್ಲುವ ಟೆಮಿಫಾಸ್ ಎಂಬ ಔಷಧಿ ಹಾಕುತ್ತಾರೆ. ಕುಡಿಯುವ ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಅಂದರೆ ಶೇಕಡಾ ಒಂದರ ಹರಳು ಹತ್ತು ಲೀಟರಿಗೆ ಒಂದು ಗ್ರಾಂ. ಅಂದಾಜಿನಲ್ಲಿ ಮನೆಯವರೇ ಸುರಿಯುವ ವಸ್ತು ಅದಲ್ಲ.

ಒರಳುಕಲ್ಲು, ಬಟ್ಟಲು, ಬಾವಿ

ಒರಳುಕಲ್ಲಿನ ಪ್ರಶ್ನೆ ನಾಜೂಕಿನದು. ಮಿಕ್ಸಿ ಬಂದ ಮೇಲೆ ಅದು ಹಿತ್ತಲು ಸೇರಿತ್ತು, ಮದುವೆ ಮುಂಜಿಗೆ ಮಾತ್ರ ಅರಿಸಿನ ಕುಂಕುಮ ಕಾಣುತ್ತಿತ್ತು. ಎತ್ತಿ ಹಾಕಿ ಎಂದರೆ ಒಂದನೇ ಮನೆಯ ಅಜ್ಜಿ ಸಿಟ್ಟಾದರು. “ನಮ್ಮತ್ತೆ ಕಾಲದ ಕಲ್ಲು ಕಣಮ್ಮಾ ಅದು, ಬೋರಲು ಹಾಕೋದುಂಟೇ?” ಆಶಾ ಕಾರ್ಯಕರ್ತೆ ವಾದಕ್ಕಿಳಿಯಲಿಲ್ಲ. “ಬೋರಲು ಹಾಕ್ಬೇಡಿ ಅಜ್ಜಿ. ಕುಳಿಗೆ ಒಣ ಮರಳು ತುಂಬ್ಸಿ, ಪೂಜೆ ದಿನ ತೆಗೆದ್ರಾಯ್ತು.” ಕುಳಿಯ ಬಾಯಿ ಮಟ್ಟಕ್ಕೆ ತುಂಬಿದ್ದು ಸಾಲದೆ ಒಂದು ಬೆರಳು ದಿಬ್ಬ ಮಾಡಬೇಕಾಯಿತು, ಮಳೆಗೆ ಮರಳು ಕೂತು ಮತ್ತೆ ತಗ್ಗಾಗುತ್ತದೆ.

ಬೀರುವಿನ ಕಾಲಿನ ಬಟ್ಟಲಿಗೆ ಒಂದು ಚಮಚ ಉಪ್ಪು ಕಲಸಿ, ವಾರಕ್ಕೊಮ್ಮೆ ತೊಳೆದು ಬದಲಿಸುವುದು. ಮನಿಪ್ಲಾಂಟಿನ ನೀರು ಬದಲಿಸುವಾಗ ಬೇರನ್ನೂ ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಕು, ಮೊಟ್ಟೆ ಅಲ್ಲೂ ಅಂಟಿರುತ್ತದೆ. ಇಲ್ಲವೇ ಮಣ್ಣಿನ ಕುಂಡಕ್ಕೆ ಸಾಗಿಸಿಬಿಡುವುದು ಲೇಸು. ಫ್ರಿಜ್ಜಿನ ತಟ್ಟೆಗೆ ಸ್ಪಂಜು.

ಬಾವಿಯಲ್ಲಿ ಏನೂ ಸಿಕ್ಕಿರಲಿಲ್ಲ, ಹಾಗೆಂದು ಬಿಡುವಂತಿಲ್ಲ. ನಗರದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟಿಫೆನ್ಸಿಗೆ ಬಾವಿ ಪ್ರಿಯವಾದ ಜಾಗ. ಆ ಸೊಳ್ಳೆಯ ಒಂದು ಬಗೆಗೆ ನಮ್ಮೂರಿನದೇ ಹೆಸರಿದೆ, ‘ಮೈಸೊರೆನ್ಸಿಸ್’ ಎಂದು. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬವರು ಮೊಟ್ಟೆಯ ಪಕ್ಕದ ತೇಲುಬುಡ್ಡೆಯ ಗೆರೆಗಳನ್ನು ಎಣಿಸಿ ಅದನ್ನು ಬೇರೆಯೆಂದು ಗುರುತಿಸಿದರು. ಹೆಮ್ಮೆಪಡುವಂಥ ಹೆಸರೇನಲ್ಲ. ಬಾವಿಗೆ ಬಲೆ ಹೊದಿಸಿ, ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡಲಾಯಿತು. ಗಂಬೂಸಿಯಾ ಎಂಬ ಮೀನೂ ಆಗುತ್ತದೆ, ಆದರೆ ಉಳಿದ ಮರಿಗಳನ್ನು ಯಾರೂ ಕೆರೆಗೆ ಒಯ್ದು ಬಿಡಬಾರದು. ಊರಿನ ಮೀನುಗಳ ಮೊಟ್ಟೆ, ಕಪ್ಪೆಯ ಗೊದಮೊಟ್ಟೆ ಎರಡನ್ನೂ ತಿಂದು ಹಾಕುತ್ತದೆ.

ಗೊಬ್ಬರದ ಬಕೆಟ್ಟಿನ ಮೇಲೆ ಬಂದ ದೂರು

ಏಳನೇ ಮನೆಯವರು ಅಡುಗೆ ಕಸದಿಂದ ಗೊಬ್ಬರ ಮಾಡುತ್ತಾರೆ. ಇಪ್ಪತ್ತು ಲೀಟರಿನ ಎರಡು ಪೇಂಟ್ ಬಕೆಟ್ಟು, ಸುತ್ತಲೂ ಪೆನ್ಸಿಲ್ ಗಾತ್ರದ ತೂತು, ಒಂದು ಬೊಗಸೆ ಹಸಿ ಕಸಕ್ಕೆ ಒಂದು ಬೊಗಸೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಎರಡು ತಿಂಗಳಲ್ಲಿ ಗೊಬ್ಬರ. ಡೆಂಗಿ ಬಂದ ಕೂಡಲೇ ಅಕ್ಕಪಕ್ಕದವರ ಬೆರಳು ಇವರ ಕಡೆಗೇ ತಿರುಗಿತು. ಬಕೆಟ್ಟು ತೆರೆದರೆ ಗುಂಯ್ ಎಂದು ಏಳುವುದು ಹಣ್ಣಿನ ನೊಣ, ಸೊಳ್ಳೆಯಲ್ಲ. ಒಳಗೆ ಹೊರಳಾಡುವ ಬೂದು ಹುಳು ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿ, ಗೊಬ್ಬರಕ್ಕೆ ಒಳ್ಳೆಯದೇ. ನಿಂತ ನೀರಿಲ್ಲದೆ ಸೊಳ್ಳೆಯಿಲ್ಲ. ನೊಣ ಕಾಡುವುದು ಒಣ ಎಲೆ ಕಡಿಮೆ ಹಾಕಿದಾಗ. ಮೇಲೆ ಎರಡು ಬೆರಳು ಒಣ ಪದರ ಮುಚ್ಚಿದರೆ ನಿಲ್ಲುತ್ತದೆ.

ಆದರೆ ದೂರಿನಲ್ಲಿ ಸತ್ಯ ಪೂರ್ತಿ ಇರಲಿಲ್ಲವೆಂದಲ್ಲ. ಹಿತ್ತಲಿನಲ್ಲಿ ಲಾರ್ವಾ ಸಿಕ್ಕ ಪೇಂಟ್ ಬಕೆಟ್ಟು ಇವರದೇ, ಮುಂದಿನ ಗೊಬ್ಬರಕ್ಕೆಂದು ತೂತು ಕೊರೆಯದೆ ಇಟ್ಟಿದ್ದ ಮೂರನೆಯದು. ಗೊಬ್ಬರದ ರಸ ಇಳಿಯುವ ತಟ್ಟೆಗೆ ಮಳೆನೀರು ಸೇರಿ ತೆಳುವಾದರೆ ಅಲ್ಲೂ ಕ್ಯೂಲೆಕ್ಸ್ ಬರುತ್ತದೆ. ಮರುಬಳಕೆಗೆಂದು ಎತ್ತಿಟ್ಟ ಪಾತ್ರೆಗೆ ಅಂದೇ ತೂತು ಬೀಳಬೇಕು, ಇಲ್ಲವೇ ಅದು ಬೋರಲು ಕೂರಬೇಕು. ತಟ್ಟೆಯ ರಸವನ್ನು ಎರಡು ದಿನಕ್ಕೊಮ್ಮೆ ಹತ್ತರಷ್ಟು ನೀರು ಬೆರೆಸಿ ಗಿಡಕ್ಕೆ ಹಾಕಬೇಕು.

ಎಲ್ಲ ಮಾಡಿದರೂ ಕಚ್ಚುತ್ತಿದ್ದ ಸೊಳ್ಳೆ

ಶುಕ್ರವಾರವನ್ನು ಆರಿಸಿದ್ದು ಸುಲಭವಾಗಿ ನಡೆಯಿತು. ಅಂದು ಹೇಗೂ ಹೊಸ್ತಿಲು ತೊಳೆದು ರಂಗೋಲಿ ಹಾಕುವ ದಿನ. ಸರದಿಯ ಮನೆಯವರು ಹಿತ್ತಲು ನೋಡುವುದು, ಉಳಿದವರು ತಮ್ಮ ತಮ್ಮ ಮನೆ, ಡ್ರಮ್ಮು ಮಾತ್ರ ನೀರು ಬಿಡುವ ದಿನಕ್ಕೆ. ಸರದಿ ತಪ್ಪಿದ್ದು ಒಂದೇ ವಾರ, ಗೌರಿ ಗಣೇಶ ಹಬ್ಬದ ಓಡಾಟದಲ್ಲಿ.

ಮೂರನೇ ವಾರ ನೆಲದ ಮೇಲಿನ ಯಾವ ಪಾತ್ರೆಯಲ್ಲೂ ಲಾರ್ವಾ ಇರಲಿಲ್ಲ, ಜೋತುಬಿದ್ದ ಆ ಪಂಚೆಯೊಂದನ್ನು ಬಿಟ್ಟರೆ. ಆದರೂ ಒಂದನೇ, ಎರಡನೇ ಮನೆಯಲ್ಲಿ ಸಂಜೆ ಐದಕ್ಕೆ ಕಾಲಿಗೆ ಕಚ್ಚುತ್ತಿತ್ತು. ಹೊಗೆ ಹೊಡೆಸಿ ಎಂಬ ಕೂಗೆದ್ದಿತು. ಫಾಗಿಂಗ್ ಬಂತು, ಎಲ್ಲರೂ ಕಿಟಕಿ ಬಾಗಿಲು ಹಾಕಿಕೊಂಡರು, ಹೊಗೆ ಓಣಿಯಲ್ಲಿ ತೇಲಿ ಹೋಯಿತು. ಈಡಿಸ್ ಕೂರುವುದು ಮಂಚದ ಕೆಳಗೆ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಹಿಂದೆ. ಹೊಗೆಗೆ ಸಾಯುವುದು ಅದು ತಾಗಿದ ಹಾರುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಮರಿಗೆ ಅದು ಗೊತ್ತೇ ಆಗುವುದಿಲ್ಲ. ಎರಡು ದಿನ ನೆಮ್ಮದಿ, ಮೂರನೇ ದಿನ ಮತ್ತೆ ಅದೇ.

ಒಂದನೇ ಮನೆಯ ಸೂರಿಗೆ ಏಣಿ ಹಾಕಿ ಹತ್ತಿದಾಗ ಕಾರಣ ಸಿಕ್ಕಿತು. ಎರಡು ಸೂರು ಕೂಡುವಲ್ಲಿ ಮಳೆನೀರು ಹರಿಯಲು ಹಾಕಿದ್ದ ತಗಡಿನ ದೋಣಿಯ ನಡುವಿನ ಕೊಕ್ಕೆ ಕಿತ್ತು ದೋಣಿ ಬಾಗಿತ್ತು. ಹಲಸಿನ ಎಲೆ ಕೊಳೆತು ಕಟ್ಟಿ, ಎರಡು ಇಂಚು ಕಂದು ನೀರು, ಅದರಲ್ಲಿ ಲಾರ್ವಾ ಕುದಿಯುತ್ತಿದ್ದವು. ದೋಣಿಗೆ ಹತ್ತು ಅಡಿಗೆ ಅರ್ಧ ಇಂಚಿನ ಇಳಿಜಾರು ಇದ್ದರೆ ನೀರು ನಿಲ್ಲದು. ರಿಪೇರಿ ಮಾಲೀಕರ ಕೆಲಸವೇ, ಬಾಡಿಗೆದಾರರ ಕೆಲಸವೇ ಎಂದು ಫೋನಿನಲ್ಲಿ ಮೂರು ದಿನ ಹೋಯಿತು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ತಾಣ ಕಂಡ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200, ನಗರದ ಅಂಗಡಿ ಹೋಟೆಲಿಗೆ 1000, ಕಟ್ಟಡ ಕೆಲಸದ ಜಾಗಕ್ಕೆ 2000 ರೂಪಾಯಿ ದಂಡ ಗೊತ್ತುಮಾಡಿದೆ. ಆ ಮಾತು ಎತ್ತಿದ ಮೇಲೆ ಮಾಲೀಕರು ಕೆಲಸದವನನ್ನು ಕಳಿಸಿದರು. ಅಲ್ಲಿಯವರೆಗೆ ಕೊಕ್ಕೆಯ ಜಾಗದಲ್ಲಿ ಬೈಂಡಿಂಗ್ ತಂತಿ ಬಿಗಿದದ್ದೇ ಕೆಲಸ ಮಾಡಿತು.

ಜ್ವರದವರ ಮಾತು ಚಿಕ್ಕದು. ಹುಡುಗನಿಗೂ ಆಕೆಗೂ ಮಾತ್ರೆ ಪ್ಯಾರಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುವುದರಿಂದ ಕೂಡದು. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಧಾರಾಳವಾಗಿ. ಜ್ವರ ಇಳಿಯುವ ಹೊತ್ತಿನಲ್ಲೇ ಎಚ್ಚರ ಬೇಕಾದ್ದು: ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ತಡಮಾಡದೆ ಆಸ್ಪತ್ರೆ. ಮರೆಯುವಂಥದ್ದು ಇನ್ನೊಂದಿದೆ, ಹಗಲಿನ ಸೊಳ್ಳೆ ಪರದೆ. ಜ್ವರದ ಮೊದಲ ಐದಾರು ದಿನ ರೋಗಿಯ ರಕ್ತದಲ್ಲಿ ವೈರಸ್ಸು ತುಂಬಿರುತ್ತದೆ, ಈ ಸೊಳ್ಳೆ ಕಚ್ಚುವುದೋ ಬೆಳಗು ಮತ್ತು ಇಳಿಹೊತ್ತಿನಲ್ಲಿ. ಆ ನೆಂಟರ ಹುಡುಗ ಜಗಲಿಯ ಬದಲು ಪರದೆಯೊಳಗೆ ಮಲಗಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುವ ಸಾಧ್ಯತೆಯಿತ್ತು.

ಐದನೇ ವಾರಕ್ಕೆ ಆಯುಧಪೂಜೆ. ಅಟ್ಟದಿಂದ ಇಳಿದ ಹಳೆ ಸಾಮಾನು ಎಂಟು ಮನೆಯಿಂದಲೂ ಹಿತ್ತಲಿಗೆ ಬಂದುಬಿದ್ದಿತು, ಅದೇ ವಾರ ಮಳೆ. ಗುಜರಿಯವನಿಗೆ ಹಬ್ಬಕ್ಕೆ ಮುಂಚೆಯೇ ಹೇಳಿಟ್ಟಿದ್ದರಿಂದ ಮರುದಿನವೇ ಎತ್ತಿಕೊಂಡು ಹೋದ. ಬಾಗಿಲಿಗೆ ಕಟ್ಟಿದ ಬಾಳೆಕಂದನ್ನು ಮಾತ್ರ ಯಾರೂ ನೆನೆಯಲಿಲ್ಲ. ಎಲೆಯ ಸಂದಿನಲ್ಲಿ ನೀರು ನಿಲ್ಲುತ್ತದೆ, ಮೈಮೇಲೆ ಪಟ್ಟೆಯಿರುವ ಈಡಿಸ್ ಸೊಳ್ಳೆಗೆ ಅಷ್ಟು ಸಾಕು. ಒಂಬತ್ತನೇ ದಿನ ಬಿಚ್ಚಿ ಚೂರು ಮಾಡಿ ಗೊಬ್ಬರಕ್ಕೆ ಹಾಕಿದರು.

ಎಂಟನೇ ವಾರದ ಪರಿಶೀಲನೆಯಲ್ಲಿ ಲಾರ್ವಾ ಸಿಕ್ಕಿದ್ದು ಒಂದೇ ಕಡೆ, ಒಣ ಕಸದ ಚೀಲಗಳ ಮೇಲಿನ ತಗಡಿನ ಮಾಡಿನ ಮೇಲೆ. ಚೆಂಡು ತೆಗೆಯಲು ಹತ್ತಿದ ಐದನೇ ಮನೆಯ ಹುಡುಗ ಕಂಡು ಹೇಳಿದ. ಅಜ್ಜಿ ಕಾಗೆಗೆಂದು ಇಟ್ಟಿದ್ದ ಮಣ್ಣಿನ ಬಟ್ಟಲು. ನೀರು ದಿನವೂ ಹಾಕುತ್ತಿದ್ದರು, ಮೇಲಿಂದ ಮೇಲೆ; ಹಳೆಯದನ್ನು ಚೆಲ್ಲುತ್ತಿರಲಿಲ್ಲ, ಬಟ್ಟಲು ಉಜ್ಜುತ್ತಿರಲಿಲ್ಲ. ಈಗ ಕಾಗೆಯ ಬಟ್ಟಲು ಎರಡಿವೆ. ಶುಕ್ರವಾರ ಒಂದನ್ನು ಕೆಳಗಿಳಿಸಿ ನಾರು ಹಾಕಿ ಉಜ್ಜಿ ಬೋರಲಿಟ್ಟು, ಇನ್ನೊಂದನ್ನು ಮೇಲಿಡುತ್ತಾರೆ.